ಸೇನೆಯ ಡ್ರೋನ್ ಹಾರಿಸಲು ಎಂಥ ಕಣ್ಣು ಬೇಕು?

ಕಣ್ಣಿನ ಪವರ್ ಪರೀಕ್ಷಿಸಿ ಕನ್ನಡಕ ಬರೆದುಕೊಡುವುದು ನನ್ನ ವೃತ್ತಿ. ಮೈಸೂರಿನಲ್ಲಿ ವಾಯುಪಡೆಯ ಆಯ್ಕೆ ಮಂಡಳಿ ಇರುವುದರಿಂದ ಸಂದರ್ಶನಕ್ಕೆ ತಯಾರಾಗುತ್ತಿರುವ ಹುಡುಗ ಹುಡುಗಿಯರು ವರ್ಷವಿಡೀ ನನ್ನಲ್ಲಿಗೆ ಬರುತ್ತಿರುತ್ತಾರೆ. ಮೊದಲೆಲ್ಲ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಕನ್ನಡಕ ಇದ್ದರೆ ಪೈಲಟ್ ಆಗಬಹುದೇ? ಈಗ ಅದರ ಹಿಂದೆಯೇ ಇನ್ನೊಂದು ಬರುತ್ತದೆ: ಅದಾಗದಿದ್ದರೆ ಡ್ರೋನ್ ಹಾರಿಸಲು ತೆಗೆದುಕೊಳ್ಳುತ್ತಾರಲ್ಲವೇ? ಡ್ರೋನ್ ಕೆಲಸವೆಂದರೆ ಕಣ್ಣು ಸ್ವಲ್ಪ ಕಡಿಮೆಯಿದ್ದವರಿಗೆ ಕೊಡುವ ರಿಯಾಯಿತಿ ಎಂಬ ನಂಬಿಕೆ ಈ ಎರಡನೆಯ ಪ್ರಶ್ನೆಯಲ್ಲಿದೆ. ಅದನ್ನು ನಾನು ಒಪ್ಪುವುದಿಲ್ಲ. ಆ ಕೆಲಸಕ್ಕೂ ಒಳ್ಳೆಯ ಕಣ್ಣೇ ಬೇಕು, ಆದರೆ ಒಳ್ಳೆಯದು ಎಂಬುದರ ಲೆಕ್ಕಾಚಾರ ಬೇರೆ. ಆ ಲೆಕ್ಕಾಚಾರ ತಿಳಿಯದೆ ಕೆಲವರು ವೃಥಾ ಆಸೆ ಬಿಡುತ್ತಾರೆ, ಇನ್ನು ಕೆಲವರು ವೃಥಾ ಕಣ್ಣಿಗೆ ಲೇಸರ್ ಮಾಡಿಸಿಕೊಳ್ಳುತ್ತಾರೆ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮಕ್ಕಳು ಈ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ. 2022ರ ಅಕ್ಟೋಬರ್ 8ರಂದು ಚಂಡೀಗಢದಲ್ಲಿ ನಡೆದ ವಾಯುಪಡೆ ದಿನಾಚರಣೆಯಲ್ಲಿ ಅಂದಿನ ಮುಖ್ಯಸ್ಥ ಏರ್ ಚೀಫ್ ಮಾರ್ಷಲ್ ವಿ. ಆರ್. ಚೌಧರಿ ಅವರು ಅಧಿಕಾರಿಗಳಿಗಾಗಿ ವೆಪನ್ ಸಿಸ್ಟಮ್ಸ್ ಎಂಬ ಹೊಸ ಶಾಖೆಯನ್ನು ಘೋಷಿಸಿದರು. ನೆಲದಿಂದ ನೆಲಕ್ಕೆ ಹಾರುವ ಕ್ಷಿಪಣಿ, ನೆಲದಿಂದ ಆಕಾಶಕ್ಕೆ ಹಾರುವ ಕ್ಷಿಪಣಿ, ಇಬ್ಬರು ಅಥವಾ ಹೆಚ್ಚು ಮಂದಿ ಕೂರುವ ವಿಮಾನಗಳ ಆಯುಧ ನಿರ್ವಹಣೆ ಇವುಗಳ ಜೊತೆಗೆ ದೂರನಿಯಂತ್ರಿತ ವಿಮಾನಗಳೂ ಆ ಶಾಖೆಯ ಪಾಲಿಗೆ ಬಂದವು. 2024ರ ಜುಲೈನಲ್ಲಿ ಹೈದರಾಬಾದಿನ ಬೇಗಂಪೇಟೆಯಲ್ಲಿ ಇದಕ್ಕೆಂದೇ ತರಬೇತಿ ಶಾಲೆ ಆರಂಭವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದಿಂದ 31 ಎಂಕ್ಯೂ-9ಬಿ ಡ್ರೋನ್‌ಗಳನ್ನು ಕೊಳ್ಳುವ ಒಪ್ಪಂದಕ್ಕೆ ಸಹಿ ಬಿತ್ತು. ಅವುಗಳಲ್ಲಿ 15 ನೌಕಾಪಡೆಗೆ, ಉಳಿದ 16ರಲ್ಲಿ ಭೂಸೇನೆ ಮತ್ತು ವಾಯುಪಡೆಗೆ ತಲಾ 8. ಅಂದರೆ ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಪರದೆಯ ಮುಂದೆ ಕುಳಿತು ವಿಮಾನ ಹಾರಿಸುವವರು ನಮ್ಮ ಸೇನೆಗಳಿಗೆ ಬಹಳ ಮಂದಿ ಬೇಕಾಗುತ್ತಾರೆ.

ಮೊದಲು ವಿಮಾನದೊಳಗೆ ಕುಳಿತು ಹಾರಿಸುವವರ ಮಾತು. ದೃಷ್ಟಿಯನ್ನು ನಾವು 6/6, 6/9 ಎಂದು ಬರೆಯುತ್ತೇವೆ: ಸಹಜ ಕಣ್ಣು ಆರು ಮೀಟರಿನಿಂದ ಓದುವುದನ್ನು ಆರರಿಂದಲೇ ಓದಿದರೆ 6/6, ಸಹಜ ಕಣ್ಣು ಒಂಬತ್ತು ಮೀಟರಿನಿಂದ ಓದುವುದನ್ನು ಆರರಿಂದ ಮಾತ್ರ ಓದಲಾದರೆ 6/9. ವಾಯುಪಡೆಯ ಹಾರಾಟ ಶಾಖೆಗೆ ಅಧಿಸೂಚನೆಗಳಲ್ಲಿ ಹೇಳುತ್ತ ಬಂದಿರುವ ನಿಯಮ ಹೀಗಿದೆ: ಒಂದು ಕಣ್ಣಿನಲ್ಲಿ 6/6, ಇನ್ನೊಂದರಲ್ಲಿ ಕನಿಷ್ಠ 6/9, ಆ ಎರಡನೆಯ ಕಣ್ಣನ್ನು 6/6ಕ್ಕೆ ತರಲು ಕನ್ನಡಕ ಬೇಕಾದರೂ ಅದು ಪ್ಲಸ್ ಪವರ್ ಮಾತ್ರ ಆಗಿರಬೇಕು. ಪ್ಲಸ್ ಪವರ್ 2 ಡಯಾಪ್ಟರ್ (ಪವರ್ ಅಳೆಯುವ ಮಾನ) ಮೀರಬಾರದು, ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ್ದಕ್ಕೆ ಕೊಡುವ ಸಿಲಿಂಡರ್ ಪವರ್ 0.75 ಮೀರಬಾರದು, ದೂರದ್ದು ಮಸುಕಾಗುವ ಮೈನಸ್ ಪವರ್ ಪರೀಕ್ಷೆಯಲ್ಲಿ ಕಂಡುಬರಲೇಬಾರದು. ಬಣ್ಣ ಗುರುತಿಸುವ ಶಕ್ತಿ ಅತ್ಯುನ್ನತ ದರ್ಜೆಯದಾಗಿರಬೇಕು. ಅದನ್ನು ಸಿಪಿ-1 ಎನ್ನುತ್ತಾರೆ. ಆರು ಮೀಟರ್ ದೂರದಲ್ಲಿಟ್ಟ ಫಲಕದಲ್ಲಿ 6/6 ಸಾಲಿನ ಅಕ್ಷರ ಒಂದು ಸೆಂಟಿಮೀಟರ್ ಕೂಡ ಎತ್ತರವಿರುವುದಿಲ್ಲ, ಲೆಕ್ಕಕ್ಕೆ 8.7 ಮಿಲಿಮೀಟರ್. ಅದರ ಒಂದೊಂದು ಗೆರೆಯ ದಪ್ಪ ಎತ್ತರದ ಐದನೇ ಒಂದು ಭಾಗ. ಮೈನಸ್ ಒಂದೂಕಾಲು ಪವರ್ ಇರುವ ಹುಡುಗ ಕನ್ನಡಕ ತೆಗೆದು ಆ ಸಾಲು ನೋಡಿದರೆ ಅಕ್ಷರಗಳಿರುವ ಕಡೆ ಬೂದು ಕಲೆಗಳಷ್ಟೇ ಕಾಣುತ್ತವೆ; ಮೂರು ನಾಲ್ಕು ಸಾಲು ಮೇಲಿನದನ್ನು ಓದಲೂ ಅವನು ಕಣ್ಣು ಕಿರಿದು ಮಾಡಬೇಕಾಗುತ್ತದೆ.

ಮೈನಸ್ ಮೇಲೆ ಇಷ್ಟು ಕಟ್ಟುನಿಟ್ಟು, ಪ್ಲಸ್ ಮೇಲೆ ಇಷ್ಟು ಉದಾರ ಏಕೆ ಎಂದು ಹುಡುಗರು ಬೇಸರದಿಂದ ಕೇಳುತ್ತಾರೆ. ಎಳೆಯ ಕಣ್ಣಿನ ಮಸೂರಕ್ಕೆ ಉಬ್ಬುವ ಶಕ್ತಿ ಇರುವುದರಿಂದ ಸಣ್ಣ ಪ್ಲಸ್ ದೋಷವನ್ನು ಕಣ್ಣು ತಾನೇ ಸರಿದೂಗಿಸಿಕೊಳ್ಳುತ್ತದೆ. ಮೈನಸ್ ದೋಷಕ್ಕೆ ಅಂಥ ಒಳದಾರಿ ಇಲ್ಲ. ಮೈನಸ್ ಹದಿಹರೆಯದಲ್ಲಿ ಏರುತ್ತಲೂ ಹೋಗುತ್ತದೆ. ಪವರ್ ಹೆಚ್ಚಿದಂತೆ ಕಣ್ಣುಗುಡ್ಡೆ ಉದ್ದವಾಗಿ, ಹಿಂಭಾಗದ ಅಕ್ಷಿಪಟ ತೆಳುವಾಗುವ ಅಪಾಯವೂ ಇದೆ. ಇನ್ನು ಕನ್ನಡಕದ ತೊಂದರೆಯೇ ಬೇರೆ. ಯುದ್ಧವಿಮಾನ ಬಿರುಸಾಗಿ ತಿರುಗುವಾಗ ಎಲ್ಲದರ ತೂಕವೂ ಎಂಟೊಂಬತ್ತು ಪಟ್ಟು ಏರುತ್ತದೆ. 25 ಗ್ರಾಂ ಕನ್ನಡಕ ಮೂಗಿನ ಮೇಲೆ ಕಾಲು ಕಿಲೋ ಸಮೀಪಕ್ಕೆ ಬಂದು ಜಾರುತ್ತದೆ. ಆಮ್ಲಜನಕದ ಮುಸುಕು, ಹೆಲ್ಮೆಟ್, ರಾತ್ರಿ ನೋಡುವ ಉಪಕರಣ, ಆಪತ್ತಿನಲ್ಲಿ ಆಸನಸಮೇತ ಹೊರಚಿಮ್ಮುವ ವ್ಯವಸ್ಥೆ, ಇವುಗಳಲ್ಲಿ ಯಾವುದಕ್ಕೂ ಕನ್ನಡಕ ಸುಲಭವಾಗಿ ಒಗ್ಗುವುದಿಲ್ಲ. ಆದ್ದರಿಂದ ಈ ನಿಯಮಗಳನ್ನು ಅನ್ಯಾಯವೆಂದು ನಾನು ಹೇಳಲಾರೆ.

ಆದರೆ ಇವುಗಳಲ್ಲಿ ಎಷ್ಟು ಕಾರಣಗಳು ನೆಲದ ಮೇಲಿನ ನಿಯಂತ್ರಣ ಕೊಠಡಿಗೆ ಅನ್ವಯಿಸುತ್ತವೆ? ಅಲ್ಲಿ ತೂಕ ಏರುವುದಿಲ್ಲ, ಮುಸುಕಿಲ್ಲ, ಆಸನ ಹೊರಚಿಮ್ಮುವುದಿಲ್ಲ. ಕನ್ನಡಕ ಜಾರಿದರೆ ಕೈಯಿಂದ ಸರಿಪಡಿಸಿಕೊಂಡರಾಯಿತು, ಒಡೆದರೆ ಮೇಜಿನ ಮೇಲೆ ಇನ್ನೊಂದಿದೆ. ಅಮೆರಿಕದ ವಾಯುಪಡೆ ಈ ವ್ಯತ್ಯಾಸವನ್ನು ಅರಿಯಲು ವರ್ಷಗಳೇ ಹಿಡಿದವು. ಪ್ರಿಡೇಟರ್ ಡ್ರೋನ್‌ಗಳ ಆರಂಭದ ಕಾಲದಲ್ಲಿ ಅವರು ಅದಾಗಲೇ ವಿಮಾನ ಹಾರಿಸಿ ಪಳಗಿದ ಪೈಲಟ್‌ಗಳನ್ನೇ ತಂದು ಪರದೆಯ ಮುಂದೆ ಕೂರಿಸುತ್ತಿದ್ದರು. ಅವರೆಲ್ಲ ವಿಮಾನದ ಪೈಲಟ್‌ನ ಕಣ್ಣಿನ ಪರೀಕ್ಷೆಯಲ್ಲಿ ತೇರ್ಗಡೆಯಾದವರೇ. ಬೇಡಿಕೆ ಏರಿದಾಗ, 2010ರ ಆಸುಪಾಸಿನಲ್ಲಿ, ಹಿಂದೆಂದೂ ಯುದ್ಧವಿಮಾನ ಹತ್ತದ ಅಧಿಕಾರಿಗಳನ್ನು ನೇರವಾಗಿ ಡ್ರೋನ್‌ಗೆ ತರಬೇತುಗೊಳಿಸುವ ಪದ್ಧತಿ ಬಂತು, ಅವರಿಗೆಂದೇ ಬೇರೆ ವೈದ್ಯಕೀಯ ವರ್ಗವೂ ಬಂತು. ವಿಮಾನದ ಪೈಲಟ್ ಆಗಲು ಹೊರಟವರಿಗೆ ಕನ್ನಡಕವಿಲ್ಲದ ದೃಷ್ಟಿ 20/70ಕ್ಕಿಂತ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 6/21ಕ್ಕಿಂತ, ಕಡಿಮೆ ಇರಬಾರದೆಂಬ ಮಿತಿಯಿದ್ದರೆ, ಡ್ರೋನ್ ಪೈಲಟ್‌ಗಳ ವಿಷಯದಲ್ಲಿ ಒತ್ತು ಬಿದ್ದದ್ದು ಕನ್ನಡಕ ಹಾಕಿದ ಮೇಲಿನ ದೃಷ್ಟಿಯ ಮೇಲೆ ಮತ್ತು ಸಹಜ ಬಣ್ಣದೃಷ್ಟಿಯ ಮೇಲೆ.

ಹಾಗಾದರೆ ಆ ಪರದೆ ಕಣ್ಣಿನಿಂದ ಬೇಡುವುದೇನು? ನನಗೆ ಅತ್ಯಂತ ಕುತೂಹಲ ಹುಟ್ಟಿಸುವ ಭಾಗ ಇದು.

ವಿಮಾನದಲ್ಲಿ ಕುಳಿತವನಿಗೆ ಎರಡು ಕಣ್ಣು ಸೇರಿ ಸುಮಾರು 200 ಡಿಗ್ರಿ ಅಗಲದ ನೋಟ ಸಿಗುತ್ತದೆ. ಓರೆಗಣ್ಣಿನ ಅಂಚಿನಲ್ಲಿ ಏನಾದರೂ ಅಲುಗಿದರೆ ತಲೆ ತಾನಾಗಿ ಆ ಕಡೆ ತಿರುಗುತ್ತದೆ. ಪ್ರಿಡೇಟರ್‌ನ ಮೂತಿಯಲ್ಲಿದ್ದ ಕ್ಯಾಮೆರಾ ಕೊಡುತ್ತಿದ್ದುದು ಸುಮಾರು 30 ಡಿಗ್ರಿಯ ನೋಟ ಮಾತ್ರ. ನೆಲದ ಗುರಿಯ ಮೇಲೆ ಕೇಂದ್ರೀಕರಿಸಿದ ಇನ್ನೊಂದು ಕ್ಯಾಮೆರಾದ ನೋಟ ಅದಕ್ಕಿಂತಲೂ ಕಿರಿದು. ಒಲೆ ಊದುವ ಊದುಗೊಳವೆಯಲ್ಲಿ ಒಂದು ಕಣ್ಣಿಟ್ಟು ಊರೆಲ್ಲ ಹುಡುಕಿದಂತೆ. ಪಾರ್ಶ್ವನೋಟವೆಂಬುದು ಆ ಕೆಲಸದಲ್ಲಿ ಬಹುಮಟ್ಟಿಗೆ ಇಲ್ಲವೇ ಇಲ್ಲ. ಅದರ ಬದಲು ನಕ್ಷೆ, ಎತ್ತರ, ಇಂಧನ, ಸಂದೇಶಗಳ ಸಾಲು ಹೊತ್ತ ಹಲವು ಪರದೆಗಳ ನಡುವೆ ದೃಷ್ಟಿ ಬಿಡುವಿಲ್ಲದೆ ಓಡಾಡುತ್ತಿರಬೇಕು. ಆ ಪರದೆಗಳು ಇರುವುದು ಆರು ಮೀಟರ್ ದೂರದಲ್ಲಲ್ಲ, ತೋಳಳತೆಯ ದೂರದಲ್ಲಿ. ಅಂದಮೇಲೆ ಗೋಡೆಯ ಫಲಕದಲ್ಲಿ ಬರುವ 6/6ಕ್ಕಿಂತ ಅರವತ್ತು ಎಪ್ಪತ್ತು ಸೆಂಟಿಮೀಟರಿನಲ್ಲಿ ಸಣ್ಣ ಅಂಕಿಗಳನ್ನು ಗಂಟೆಗಟ್ಟಲೆ ಸ್ಪಷ್ಟವಾಗಿ ಓದುವ ಸಾಮರ್ಥ್ಯ ಅಲ್ಲಿ ಹೆಚ್ಚು ದುಡಿಯುತ್ತದೆ.

ಆಳವನ್ನು ಅಳೆಯುವ ನೋಟದ ವಿಷಯವೂ ಹೀಗೆಯೇ. ಎರಡು ಕಣ್ಣುಗಳು ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕೋನದಿಂದ ನೋಡುವುದರಿಂದ ನಮಗೆ ಹತ್ತಿರ ದೂರಗಳ ಅರಿವು ಬರುತ್ತದೆ. ಚಪ್ಪಟೆ ಪರದೆಯ ಮೇಲೆ ಎರಡೂ ಕಣ್ಣಿಗೆ ಬೀಳುವುದು ಒಂದೇ ಚಿತ್ರ. ಹಾಗಾಗಿ ಎಷ್ಟೇ ತೀಕ್ಷ್ಣವಾದ ಆಳದ ನೋಟವಿದ್ದರೂ ರನ್‌ವೇ ಎಷ್ಟು ಕೆಳಗಿದೆ ಎಂಬುದನ್ನು ಅದು ಹೇಳಿಕೊಡದು. ಹಳೆಯ ಡ್ರೋನ್‌ಗಳನ್ನು ಕೈಯಾರೆ ಇಳಿಸುವುದು ಅಷ್ಟು ಕಷ್ಟವಾಗಿದ್ದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ ಉಪಗ್ರಹದ ಮೂಲಕ ಚಿತ್ರ ಬಂದು ಆಜ್ಞೆ ಹೋಗುವ ಹೊತ್ತಿಗೆ ಆಗುವ ವಿಳಂಬ. ಅದರಿಂದಲೇ ನೆವಾಡಾದ ಕ್ರೀಚ್ ನೆಲೆಯಲ್ಲಿ ಕುಳಿತ ಪೈಲಟ್ ಬೇರೆ ಖಂಡದ ಆಕಾಶದಲ್ಲಿ ಗಂಟೆಗಟ್ಟಲೆ ವಿಮಾನ ನಡೆಸಿದರೂ, ಮೇಲೇರಿಸುವ ಮತ್ತು ಇಳಿಸುವ ಕೆಲಸವನ್ನು ಆ ರನ್‌ವೇ ಪಕ್ಕದಲ್ಲೇ ಇರುವ ಬೇರೊಂದು ತಂಡ ನೇರ ರೇಡಿಯೊ ಸಂಪರ್ಕದಲ್ಲಿ ಮಾಡುತ್ತಿತ್ತು. ಎಂಕ್ಯೂ-9ಬಿಯಂಥ ಹೊಸ ಡ್ರೋನ್‌ಗಳು ತಾವಾಗಿಯೇ ಏರಿ ಇಳಿಯಬಲ್ಲವು.

ಇನ್ನು ಕಪ್ಪು ಬಿಳುಪಿನ ಅಂತರವನ್ನು ಗುರುತಿಸುವ ಶಕ್ತಿ. ರಾತ್ರಿ ಬಳಸುವ ಶಾಖದ ಕ್ಯಾಮೆರಾ ಕೊಡುವುದು ಬೂದು ಬಣ್ಣದ ಚಿತ್ರ. ಬಿಸಿಯಾದದ್ದು ಬೆಳ್ಳಗೆ, ತಣ್ಣಗಿದ್ದದ್ದು ಕಪ್ಪಗೆ, ಬೇಕೆಂದರೆ ಇದನ್ನೇ ತಿರುಗುಮುರುಗು ಮಾಡಬಹುದು. ದಿನದಲ್ಲಿ ಎರಡು ಹೊತ್ತು, ಬೆಳಗಿನ ಜಾವದ ನಂತರ ಮತ್ತು ಸೂರ್ಯ ಮುಳುಗುವ ಸುಮಾರಿಗೆ, ಕಲ್ಲು, ಮಣ್ಣು, ವಾಹನಗಳ ಶಾಖ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತದೆ. ಆಗ ಎದುರಿಗೇ ಇರುವ ಲಾರಿ ಚಿತ್ರದಲ್ಲಿ ಕರಗಿಹೋಗಬಹುದು. ಆ ಹೊತ್ತಿನಲ್ಲಿ ಒಂದು ಬೂದು ಬಣ್ಣಕ್ಕೂ ಇನ್ನೊಂದು ಬೂದು ಬಣ್ಣಕ್ಕೂ ಇರುವ ಸೂಕ್ಷ್ಮ ವ್ಯತ್ಯಾಸ ಕಾಣಬೇಕು. ಆಸ್ಪತ್ರೆಯ ಫಲಕದ ಕಡುಗಪ್ಪು ಅಕ್ಷರಗಳನ್ನು ಸಲೀಸಾಗಿ ಓದುವವರಲ್ಲೂ ಈ ಸೂಕ್ಷ್ಮತೆ ಕಡಿಮೆ ಇರಬಹುದು. ಕೆಳಗೆ ಕಾಣುವ ಮಸುಕು ಆಕೃತಿ ಕೋವಿ ಹಿಡಿದ ಮನುಷ್ಯನೋ, ಗುದ್ದಲಿ ಹಿಡಿದ ರೈತನೋ ಎಂಬ ತೀರ್ಮಾನ ಈ ಕಣ್ಣುಗಳ ಮೇಲೆ ನಿಂತಿರುವಾಗ, ಕಡಿಮೆ ದೃಷ್ಟಿಯವರಿಗೆ ಕೊಡುವ ಕೆಲಸವೆಂದು ಇದನ್ನು ಹೇಗೆ ಕರೆಯುವುದು?

ಚಿತ್ರವೇ ಬೂದಾಗಿದ್ದರೆ ಬಣ್ಣದ ಪರೀಕ್ಷೆ ಯಾಕೆ ಎಂದು ಕೇಳಬಹುದು. ಹಗಲಿನ ಕ್ಯಾಮೆರಾ ಬಣ್ಣದ್ದೇ. ಅದಕ್ಕಿಂತ ಮುಖ್ಯವಾಗಿ ಎಚ್ಚರಿಕೆಗಳು, ನಕ್ಷೆಯ ಗುರುತುಗಳು, ತಮ್ಮವರು ಮತ್ತು ಶತ್ರುಗಳನ್ನು ಬೇರ್ಪಡಿಸುವ ಚಿಹ್ನೆಗಳು ಕೆಂಪು, ಹಳದಿ, ಹಸಿರುಗಳಲ್ಲೇ ಬರುತ್ತವೆ. ಬಣ್ಣದ ದೋಷ ಎಂಥ ಅನಾಹುತಕ್ಕೆ ಜೊತೆಯಾಗಬಲ್ಲದು ಎಂಬುದಕ್ಕೆ ನಾಗರಿಕ ವಿಮಾನಯಾನದಲ್ಲೇ ಒಂದು ದಾಖಲೆ ಇದೆ. 2002ರ ಜುಲೈ 26ರ ನಸುಕಿನಲ್ಲಿ ಫ್ಲಾರಿಡಾದ ಟಾಲಹಾಸಿಯಲ್ಲಿ ಫೆಡೆಕ್ಸ್ ಸಂಸ್ಥೆಯ ಬೋಯಿಂಗ್ 727 ಸರಕು ವಿಮಾನ ರನ್‌ವೇ ಮುಟ್ಟುವ ಮೊದಲೇ ಮರಗಳಿಗೆ ಬಡಿದು ಬಿತ್ತು. ಒಳಗಿದ್ದ ಮೂವರೂ ಗಾಯಗೊಂಡು ಬದುಕುಳಿದರು. ರನ್‌ವೇ ಪಕ್ಕದ ನಾಲ್ಕು ದೀಪಗಳಲ್ಲಿ ಎರಡು ಕೆಂಪು ಎರಡು ಬಿಳಿ ಕಂಡರೆ ದಾರಿ ಸರಿ, ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದೇವೆ ಎಂದರ್ಥ. ವಿಮಾನ ಇಳಿಸುತ್ತಿದ್ದ ಸಹಪೈಲಟ್‌ಗೆ ಹುಟ್ಟಿನಿಂದಲೇ ತೀವ್ರ ಬಣ್ಣದೋಷವಿತ್ತೆಂದು ಅಪಘಾತದ ನಂತರದ ಪರೀಕ್ಷೆಗಳಲ್ಲಿ ತಿಳಿಯಿತು. ಅಮೆರಿಕದ ತನಿಖಾ ಮಂಡಳಿ ದಣಿವಿನ ಜೊತೆಗೆ ಇದನ್ನೂ ಅಪಘಾತಕ್ಕೆ ಪೂರಕವಾದ ಕಾರಣಗಳಲ್ಲಿ ಸೇರಿಸಿತು.

ಬಣ್ಣದೃಷ್ಟಿ ಪರೀಕ್ಷಿಸಲು ಅಮೆರಿಕದ ವಾಯುಪಡೆ 2011ರ ಹೊತ್ತಿಗೆ, ಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿಸಿದ ಪುಸ್ತಕ ಬಿಟ್ಟು ಕಂಪ್ಯೂಟರ್ ಪರೀಕ್ಷೆಗೆ ಬದಲಾಯಿಸಿಕೊಂಡಿತು. ಬೂದು ಹಿನ್ನೆಲೆಯ ಮೇಲೆ ಒಂದು ಅಕ್ಷರ ಮೂಡುತ್ತದೆ. ಅದರ ಬಣ್ಣವನ್ನು ಎಷ್ಟು ನಾಜೂಕಾಗಿ ಬೆರೆಸಿರುತ್ತಾರೆಂದರೆ ಕಣ್ಣಿನ ಮೂರು ಬಗೆಯ ಬಣ್ಣಕೋಶಗಳಲ್ಲಿ ಒಂದು ಬಗೆಗೆ ಮಾತ್ರ ಅದು ಕಾಣಬೇಕು. ಸರಿಯಾಗಿ ಹೇಳಿದಂತೆಲ್ಲ ಅಕ್ಷರ ಮಸುಕಾಗುತ್ತ ಹೋಗಿ, ಕೊನೆಗೆ ಹಿನ್ನೆಲೆಯಲ್ಲೇ ಅಡಗುತ್ತದೆ. ಒಂದೊಂದು ಕಣ್ಣಿಗೆ ಒಂದೊಂದು ಬಣ್ಣಕ್ಕೆ ಪ್ರತ್ಯೇಕವಾಗಿ 100ಕ್ಕೆ ಅಂಕ. ಆ ಪರೀಕ್ಷೆ ಬಂದಾಗ ತೇರ್ಗಡೆಗೆ 75 ಬೇಕಿತ್ತು. ಚುಕ್ಕೆಗಳ ಪುಸ್ತಕದ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು ಬರುವವರನ್ನು ನಾನು ಕಂಡಿದ್ದೇನೆ. ಈ ಪರೀಕ್ಷೆಯಲ್ಲಿ ಅಕ್ಷರಗಳು ಪ್ರತಿ ಸಲ ಬದಲಾಗುವುದರಿಂದ ಆ ಉಪಾಯ ನಡೆಯುವುದಿಲ್ಲ.

ಒಬ್ಬ ಹುಡುಗನ ವಿಷಯ ಹೇಳಬೇಕು. ಮೈನಸ್ ಒಂದೂಕಾಲು ಪವರ್ ಇತ್ತು. ಅದೊಂದೇ ಅವನ ಚಿಂತೆ. ಲೇಸರ್ ಮಾಡಿಸಲು ಮನೆಯವರು ಹಣವನ್ನೂ ಹೊಂದಿಸಿಕೊಂಡಿದ್ದರು. ವಾಡಿಕೆಯಂತೆ ಬಣ್ಣದ ಪುಸ್ತಕ ತೆರೆದೆ. ನನಗೆ 74 ಎಂದು ಕಾಣುವ ಪುಟವನ್ನು ಅವನು ಕಿಂಚಿತ್ತೂ ಅನುಮಾನವಿಲ್ಲದೆ 21 ಎಂದು ಓದಿದ. ಹದಿನೆಂಟು ವರ್ಷ ತುಂಬಿದರೂ ಅವನ ಬಣ್ಣದೃಷ್ಟಿಯನ್ನು ಯಾರೂ ಪರೀಕ್ಷಿಸಿರಲಿಲ್ಲ, ಹಸಿರಿನ ದೋಷವಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ಪವರ್‌ಗೆ ಕನ್ನಡಕವಿದೆ, ಇದಕ್ಕೆ ಇಲ್ಲ. ಬಣ್ಣದ ಗಾಜು ಹಾಕಿಕೊಂಡು ಪರೀಕ್ಷೆ ಕೊಡಲು ಯಾವ ಸೇನೆಯೂ ಒಪ್ಪುವುದಿಲ್ಲ. ಈ ದೋಷ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವಂಥದ್ದು. ತಾಯಿಯ ತಂದೆಗೋ ಸೋದರಮಾವನಿಗೋ ಇದ್ದರೆ ಹುಡುಗನನ್ನು ಹೈಸ್ಕೂಲಿನಲ್ಲಿದ್ದಾಗಲೇ ಪರೀಕ್ಷಿಸಿಬಿಡಿ ಎಂದು ತಂದೆತಾಯಿಯರನ್ನು ಬೇಡಿಕೊಳ್ಳುತ್ತೇನೆ. ಐದು ನಿಮಿಷದ ಕೆಲಸ, ಅದು ತಪ್ಪಿದರೆ ಹಲವು ವರ್ಷದ ತಯಾರಿ ನೀರಲ್ಲಿ ಹೋಮ.

ಇನ್ನು ಕಣ್ಣಿನ ತಾಳಿಕೆ. ನಾವು ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದರಷ್ಟು ಸಲ ರೆಪ್ಪೆ ಬಡಿಯುತ್ತೇವೆ, ಪರದೆಯನ್ನೇ ದಿಟ್ಟಿಸುವಾಗ ಅದು ಅರ್ಧಕ್ಕಿಂತಲೂ ಕೆಳಗಿಳಿಯಬಹುದು. ಯಂತ್ರಗಳು ಬಿಸಿಯಾಗದಂತೆ ತಣ್ಣಗಿಟ್ಟ ಕೊಠಡಿಯ ಒಣಗಾಳಿಯಲ್ಲಿ ಕಣ್ಣೀರಿನ ಪದರ ಬೇಗ ಆರುತ್ತದೆ. ಕಣ್ಣುರಿ ಬಿಟ್ಟುಬಿಟ್ಟು ಬರುತ್ತದೆ, ನೋಟ ಮಂಜಾಗಿ ಮತ್ತೆ ತಿಳಿಯಾಗುತ್ತದೆ. ಎರಡು ಕಣ್ಣುಗಳನ್ನು ಒಳಮುಖವಾಗಿ ಒಟ್ಟಿಗೆ ತಿರುಗಿಸಿ ಹಿಡಿಯುವ ಸ್ನಾಯುಬಲ ಕಡಿಮೆಯಿದ್ದವರಿಗೆ ಒಂದೆರಡು ಗಂಟೆಯಲ್ಲೇ ತಲೆನೋವು, ಅಕ್ಷರಗಳು ಎರಡೆರಡಾಗಿ ಕಾಣುವುದು ಶುರುವಾಗುತ್ತದೆ. ಅಂಥವರು ಫಲಕದ ಮುಂದೆ 6/6 ಓದಿ ಹೊರಟುಹೋಗಬಲ್ಲರು. ನಲವತ್ತರ ಸುಮಾರಿಗೆ ಎಲ್ಲರಿಗೂ ಬರುವ ಚಾಳೀಸು ಇನ್ನೊಂದು ಸಂಗತಿ. ಪುಸ್ತಕ ಓದುವ ದೂರಕ್ಕೆ ಕೊಟ್ಟ ಕನ್ನಡಕ ಪರದೆಯ ದೂರಕ್ಕೆ ಹೊಂದುವುದಿಲ್ಲ. ಆ ನಡುದೂರಕ್ಕೆಂದೇ ಪವರ್ ಬೇರೆ ಕೊಡಬೇಕು. ಮನೆಯಿಂದ ಕಂಪ್ಯೂಟರ್ ಕೆಲಸ ಮಾಡುವ ಎಷ್ಟೋ ಮಂದಿ ಕತ್ತು ನೋವೆಂದು ಒದ್ದಾಡುವುದು ಇದೇ ಕಾರಣಕ್ಕೆ.

ನಮ್ಮ ರಾಜ್ಯದ ಒಂದು ಘಟನೆ ಇಲ್ಲಿ ನೆನಪಿಗೆ ಬರುತ್ತದೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಬೆಂಗಳೂರಿನ ಪ್ರಯೋಗಾಲಯ ಎಡಿಇ ರೂಪಿಸಿದ ತಪಸ್ ಡ್ರೋನ್ 2023ರ ಜೂನ್ 16ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಪರೀಕ್ಷಾ ವಲಯದಿಂದ ಏರಿತು. ಕಾರವಾರದಿಂದ 148 ಕಿಲೋಮೀಟರ್ ದೂರದ ಸಮುದ್ರದಲ್ಲಿದ್ದ ಐಎನ್‌ಎಸ್ ಸುಭದ್ರಾ ಹಡಗಿಗೆ ಅದರ ನಿಯಂತ್ರಣವನ್ನು ಹಾರಾಟದ ನಡುವೆಯೇ ವರ್ಗಾಯಿಸಲಾಯಿತು. 40 ನಿಮಿಷ ಹಡಗಿನಿಂದಲೇ ಅದನ್ನು ನಡೆಸಿದರು. ಹಡಗು ಅಲೆಗಳ ಮೇಲೆ ಹೊಯ್ದಾಡುತ್ತಿರುತ್ತದೆ, ಪರದೆಯ ಮೇಲಿನ ವಿಮಾನ ಬೇರೊಂದು ಕಡೆಗೆ ವಾಲುತ್ತಿರುತ್ತದೆ. ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದೊಂದು, ಕಣ್ಣು ಹೇಳುವುದೊಂದು. ಬಸ್ಸಿನಲ್ಲಿ ಮೊಬೈಲ್ ನೋಡಿದರೆ ವಾಂತಿ ಬರುವವರಿಗೆ ಇದರ ಕಷ್ಟ ಅರ್ಥವಾದೀತು. ಈ ಸಾಮರ್ಥ್ಯವನ್ನು ಕಣ್ಣಿನ ಫಲಕ ಅಳೆಯಲಾರದು. ಮುಖಕ್ಕೆ ಗಾಗಲ್ ಕಟ್ಟಿಕೊಂಡು ಹಾರಿಸುವ ಸಣ್ಣ ಡ್ರೋನ್‌ಗಳಲ್ಲೂ ಇದೇ ತೊಡಕು.

ಕೊನೆಗೆ ಲೇಸರ್. ವಾಯುಪಡೆ ಇದನ್ನು ಒಪ್ಪುವುದುಂಟು, ಷರತ್ತುಗಳೊಂದಿಗೆ: ಚಿಕಿತ್ಸೆಯ ಹೊತ್ತಿಗೆ ವಯಸ್ಸು 20 ದಾಟಿರಬೇಕು, ತೊಡಕಿಲ್ಲದೆ 12 ತಿಂಗಳು ಕಳೆದಿರಬೇಕು, ಉಳಿದ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) 450 ಮೈಕ್ರಾನ್‌ಗಿಂತ ತೆಳುವಾಗಿರಬಾರದು, ಮೊದಲಿದ್ದ ಪವರ್ 6 ಡಯಾಪ್ಟರ್ ಮೀರಿರಬಾರದು. ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಪ್ರವೇಶದ ವಯಸ್ಸು ಅದಕ್ಕಿಂತ ಮೊದಲೇ ಮುಗಿದುಹೋಗುತ್ತದೆ. ಹಾಗಾಗಿ ಹದಿನೆಂಟಕ್ಕೆ ಲೇಸರ್ ಮಾಡಿಸಿಕೊಂಡವನು ಹಣವನ್ನೂ ಕಳೆದುಕೊಂಡು, ಪದವಿಯ ನಂತರದ ಪ್ರವೇಶಕ್ಕೂ ಕಲ್ಲು ಹಾಕಿಕೊಳ್ಳುತ್ತಾನೆ. ಇನ್ನೊಂದು ಮಾತೂ ಇದೆ. ಲೇಸರ್ ಮಾಡುವಾಗ ಕಾರ್ನಿಯಾದ ಸೂಕ್ಷ್ಮ ನರಗಳು ತುಂಡಾಗುವುದರಿಂದ ಹಲವರಿಗೆ ತಿಂಗಳುಗಟ್ಟಲೆ ಕಣ್ಣು ಒಣಗುತ್ತದೆ, ಕೆಲವರಿಗೆ ರಾತ್ರಿ ದೀಪಗಳ ಸುತ್ತ ಬಳೆ ಕಾಣುತ್ತದೆ. ಕನ್ನಡಕವನ್ನು ಒಪ್ಪುವ ಶಾಖೆಗೆ ಹೋಗಲೆಂದು, ಒಣಗಾಳಿಯಲ್ಲಿ ಪರದೆ ನೋಡುವ ಕೆಲಸಕ್ಕೆ, ಕಣ್ಣನ್ನು ಒಣಗಿಸಬಲ್ಲ ಚಿಕಿತ್ಸೆ ಮಾಡಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಅರ್ಜಿ ಹಾಕುವ ಮುನ್ನ ನನ್ನಲ್ಲಿಗೆ ಬರುವವರಿಗೆ ನಾನು ಮೊದಲು ಆಯಾ ವರ್ಷದ ಅಧಿಸೂಚನೆಯ ವೈದ್ಯಕೀಯ ಭಾಗವನ್ನು ತರಲು ಹೇಳುತ್ತೇನೆ, ತಾವು ಬಯಸುವ ಶಾಖೆಯ ಎದುರಿಗಿರುವ ಅಂಕಿಗಳನ್ನು ಮಾತ್ರ ನೋಡಬೇಕೆಂದು ಹೇಳುತ್ತೇನೆ. ನೆಲದ ಶಾಖೆಗಳ ಮಿತಿಗಳನ್ನು ಹಾರಾಟ ಶಾಖೆಯ ಮಿತಿಗಳೊಂದಿಗೆ ಬೆರೆಸಿಕೊಂಡು ಗಾಬರಿಯಾಗುವವರೇ ಹೆಚ್ಚು. ಆಮೇಲೆ ಬಣ್ಣ, ನಂತರ ಹನಿ ಹಾಕಿ ಪಾಪೆ ಹಿಗ್ಗಿಸಿ ನಿಜವಾದ ಪವರ್, ನಂತರ ಅಕ್ಷಿಪಟ. ಹನಿ ಹಾಕದೆ ನೋಡಿದರೆ ಎಳೆಯ ಕಣ್ಣು ತನ್ನ ಪವರನ್ನು ಬಚ್ಚಿಡುತ್ತದೆ. ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ವೈದ್ಯರು ಹನಿ ಹಾಕಿ ನೋಡಿದಾಗ ಅದು ಹೊರಬಂದು ಹುಡುಗರು ಕಂಗಾಲಾಗುತ್ತಾರೆ. ಇಷ್ಟಾದ ಮೇಲೆ ಡ್ರೋನ್ ಕಡೆ ಮನಸ್ಸಿದ್ದವರಿಗೆ ಹತ್ತಿರದ ನೋಟದ ಪರೀಕ್ಷೆಯನ್ನೂ ಮಾಡುತ್ತೇನೆ: ಪೆನ್ನಿನ ತುದಿಯನ್ನು ಮೂಗಿನ ಕಡೆಗೆ ತರುತ್ತ ಅದು ಎರಡಾಗಿ ಕಾಣುವ ಬಿಂದು ಯಾವುದು, ಹತ್ತು ಸೆಂಟಿಮೀಟರ್ ಒಳಗಿದೆಯೇ ಎಂದು ನೋಡುವುದು. ಅಧಿಸೂಚನೆ ಇದನ್ನು ಕೇಳಲಿ ಬಿಡಲಿ, ಹತ್ತು ಸೆಂಟಿಮೀಟರಿನ ಆಚೆಯೇ ಪೆನ್ನು ಎರಡಾಗುವವರಿಗೆ ಕೆಲವು ವಾರಗಳ ವ್ಯಾಯಾಮ ಹೇಳಿಕೊಡುತ್ತೇನೆ. ಬಹಳಷ್ಟು ಮಂದಿಯಲ್ಲಿ ಅದರಿಂದ ಸುಧಾರಣೆ ಕಾಣುತ್ತದೆ.